ಎಬೆನೀಜರ್ ಪೆನ್‌ಫೋಲ್ಡನಿಗೆ ಕೋಳಿಸಾರು

ನನ್ನ ಮಗನ ಮದುವೆ ನಿಂತದ್ದು ಬಾಯ್ಲರಿನಿಂದ. ಹೀಗೆಂದರೆ ನೀವು ನಗುತ್ತೀರಿ. ಜನವರಿಯಲ್ಲಿ ಕ್ರೋಯ್ಡನ್ನಿನ ಫ್ಲ್ಯಾಟಿನಲ್ಲಿ ಬಿಸಿನೀರಿಲ್ಲದೆ ಒಂದು ವಾರ ಕಳೆದು ನೋಡಿ, ಆಮೇಲೆ ನಗಿ.

ಮಗ ರೋಷನ್ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿದ್ದಾನೆ. ಅವನು ಮೆಚ್ಚಿದ ಹುಡುಗಿ ರೊವೀನಾ ಪೆನ್‌ಫೋಲ್ಡ್, ಅಪ್ಪಟ ಇಂಗ್ಲಿಷಿನವಳು. ನನ್ನ ಹೆಂಡತಿ ಪುಷ್ಪಾವತಿಗೆ ಅದರ ಬಗ್ಗೆ ತಕರಾರಿಲ್ಲ. ಬಂಗುಡೆ ಮೀನಿನ ಮುಳ್ಳು ಬಿಡಿಸಿ ತಿನ್ನಲು ಬರುವ ಹುಡುಗಿ ಯಾವ ದೇಶದವಳಾದರೂ ಆದೀತು ಎಂಬುದು ಅವಳ ಉದಾರ ವಿದೇಶಾಂಗ ನೀತಿ. ಆದರೆ ನಿಶ್ಚಿತಾರ್ಥ ಮುಗಿದ ದಿನವೇ ಬಾಯ್ಲರ್ ಕೆಟ್ಟಿತು. ಮರುವಾರ ರೊವೀನಾಳ ಉಂಗುರ ನಮ್ಮ ಸಿಂಕಿನ ತೂತಿನಲ್ಲಿ ಜಲಸಮಾಧಿಯಾಯಿತು. ಅದರ ಮೇಲೆ, ಮದುವೆಗೆಂದು ನೋಡಿಟ್ಟಿದ್ದ ಸಭಾಂಗಣದ ಮಾಡು ಸೋರುತ್ತಿದೆ, ಬೇರೆ ಕಡೆ ನೋಡಿಕೊಳ್ಳಿ ಎಂದು ಅಲ್ಲಿಯವರಿಂದ ಫೋನ್ ಬಂತು. ಬೇರೆ ಹೆಂಗಸರಾದರೆ ಪ್ಲಂಬರನಿಗೆ ಫೋನ್ ಮಾಡುತ್ತಿದ್ದರು. ಪುಷ್ಪಾವತಿ ಕುಂದಾಪುರದ ಜೋಯಿಸರಿಗೆ ಮಾಡಿದಳು.

ಜೋಯಿಸರು ವಾಟ್ಸಾಪ್ ವಿಡಿಯೋದಲ್ಲಿ ಕವಡೆ ಹರಡಿದರು. (ನೆಟ್‌ವರ್ಕ್ ಸರಿಯಿಲ್ಲದೆ ಅರ್ಧ ಕವಡೆ ನಮಗೆ ಕಾಣಲೇ ಇಲ್ಲ.) ಎಣಿಸಿ, ಗುಣಿಸಿ, "ಹುಡುಗಿಯ ಮೂಲದ ಹಿರಿಯರಿಗೆ ಅಸಮಾಧಾನ ಉಂಟು. ಅವರಿಗೊಂದು ಎಡೆ ಹಾಕಿ ಒಪ್ಪಿಗೆ ಕೇಳಿ. ಅಲ್ಲಿವರೆಗೆ ಮದುವೆಗೆ ದಿನ ನೋಡೂದು ಬೇಡ" ಎಂದರು.

ಊರಿನಲ್ಲಾದರೆ ಇದು ದೊಡ್ಡ ಸಂಗತಿಯಲ್ಲ. ನಮ್ಮ ಕಡೆ ಹಸು ಹಾಲು ಕೊಡದಿದ್ದರೂ, ಹುಡುಗ ಪರೀಕ್ಷೆಯಲ್ಲಿ ಫೇಲಾದರೂ ಜನ ತಮ್ಮ ಮೂಲದ ಮನೆ ಹುಡುಕಿಕೊಂಡು ಹೊರಡುತ್ತಾರೆ. ಹಿರಿಯರಿಗೆ ಕೋಳಿ, ಕಡುಬು ಬಡಿಸಿ, ಕುಡಿಯುವ ಹಿರಿಯರಾದರೆ ಅದನ್ನೂ ಒಂದು ಲೋಟ ಇಟ್ಟು, ಕೈಮುಗಿದು ಬರುತ್ತಾರೆ. ಆದರೆ ಇಂಗ್ಲಿಷರ ಮೂಲವನ್ನು ಎಲ್ಲಿ ಹುಡುಕುವುದು?

"ಹ್ವಾಯ್, ನೀವ್ ಹುಡ್ಕಿ," ಎಂದಳು ಪುಷ್ಪಾವತಿ. "ಮೂರ್ ಹೊತ್ತೂ ಆ ಕಂಪ್ಯೂಟರ್ ಎದ್ರಿಗ್ ಕೂಕಂತ್ರಿ. ಒಂದ್ ದಿನ ಆದ್ರೂ ಉಪ್ಕಾರಕ್ ಬರ್ಲಿ."

ನಾನು ಸಂತೋಷವಾಗಿಯೇ ಒಪ್ಪಿದೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನನಗೊಂದು ಸ್ವಂತ ಆಸೆಯಿತ್ತು. ಪಾರ್ಕ್ ರಾಯಲಿನ ಪರೋಟ ಕಾರ್ಖಾನೆಯಲ್ಲಿ ನಾನು ಜೀವಮಾನವಿಡೀ ಆಡಿದ ಮಾತೆಲ್ಲ ಮಿಷನ್ನಿನ ಸದ್ದಿನಲ್ಲಿ ಮುಳುಗಿಹೋಗಿದೆ. ಮನೆಯಲ್ಲಿ ಆಡಿದ್ದು ಇನ್ನೊಂದು ಸದ್ದಿನಲ್ಲಿ. ಮಗನ ಮದುವೆಯ ದಿನವಾದರೂ ಗಂಡಿನ ತಂದೆಯಾಗಿ ಮೈಕ್ ಹಿಡಿದು, ಎರಡೂ ಕಡೆಯ ವಂಶಾವಳಿ ಹೇಳಿ, ಚಪ್ಪಾಳೆ ಗಿಟ್ಟಿಸಬೇಕು. ಅದಕ್ಕೆ ಈ ಸಂಶೋಧನೆ ಒಳ್ಳೆಯ ಪೀಠಿಕೆಯಾಗುತ್ತಿತ್ತು.

ವಂಶ ಹುಡುಕಿಕೊಡುವ ವೆಬ್‌ಸೈಟೊಂದರಲ್ಲಿ ಸೇರಿಕೊಂಡೆ. ರೊವೀನಾಳ ಅಪ್ಪನ ಹೆಸರು ಹಾಕಿದೆ, ಅವನ ಅಪ್ಪ ಬಂದ. ಅವನ ಹೆಸರು ಒತ್ತಿದೆ, ಅವನಪ್ಪ ಬಂದ. ಹೀಗೆ ಅಪ್ಪನ ತಲೆಯ ಮೇಲೆ ಅಪ್ಪನನ್ನು ಕೂರಿಸುತ್ತಾ ಹೋಗಿ, ಕೆಂಟ್ ಕೌಂಟಿಯ ಲಿಟಲ್ ಹ್ಯಾಝಲ್‌ಡೌನ್ ಎಂಬ ಹಳ್ಳಿಯ ಚರ್ಚಿನಂಗಳದಲ್ಲಿ ಮಲಗಿದ್ದ ಎಬೆನೀಜರ್ ಪೆನ್‌ಫೋಲ್ಡ್ ಎಂಬ ರೈತನಲ್ಲಿಗೆ ಮುಟ್ಟಿದೆ. ಆ ರಾತ್ರಿ ನಾನು ಊಟಕ್ಕೆ ಕೂತ ಗತ್ತೇ ಬೇರೆಯಿತ್ತು.

ರೋಷನ್ ತಲೆ ಚಚ್ಚಿಕೊಂಡ. "ಡ್ಯಾಡ್, ಪ್ಲೀಸ್! ಗ್ರೇವ್ ಮೇಲೆ ಚಿಕನ್ ಕರಿ? ಯು ವಿಲ್ ಗೆಟ್ ಅರೆಸ್ಟೆಡ್!"

ರೊವೀನಾ ಮಾತ್ರ ಖುಷಿಯಾಗಿ ಬಂದು ಪುಷ್ಪಾವತಿಯ ಪಕ್ಕ ನಿಂತು ಮಸಾಲೆ ರುಬ್ಬಿಕೊಟ್ಟಳು.

ಭಾನುವಾರ ನಾನೂ ಪುಷ್ಪಾವತಿಯೂ ಹೊರಟೆವು. ಈಸ್ಟ್ ಕ್ರೋಯ್ಡನ್ನಿನಲ್ಲಿ ರೈಲು ಹತ್ತಿದಾಗ ನಮ್ಮ ಕೈಯಲ್ಲಿ ಒಂದು ದೊಡ್ಡ ಡಬ್ಬಿ ಕೋಳಿಸಾರು, ಕಡುಬು, ತಮಿಳರ ಅಂಗಡಿಯ ಬಾಳೆಲೆ ಮತ್ತು ಅರ್ಧ ಬಾಟಲಿ ವಿಸ್ಕಿ. ಸಾರಿನ ಪರಿಮಳಕ್ಕೆ ಎದುರು ಸೀಟಿನವನು ಎದ್ದುಹೋದ. ಮುಂದಿನ ಸ್ಟೇಷನ್ನಿನಲ್ಲಿ ಅದೇ ಪರಿಮಳಕ್ಕೆ ಇನ್ನೊಬ್ಬ ಬಂದು ಕೂತ.

ಲಿಟಲ್ ಹ್ಯಾಝಲ್‌ಡೌನಿನಲ್ಲಿ ಒಂದು ಪಬ್ಬು, ಒಂದು ಚರ್ಚು, ನೂರಾರು ಕುರಿ. ಜನ ಯಾರೂ ಕಾಣಲಿಲ್ಲ. ಎಬೆನೀಜರನ ಕಲ್ಲು ಒಂದು ಮುದಿ ಮರದ ಕೆಳಗೆ ವಾಲಿಕೊಂಡಿತ್ತು, ಹೆಸರಿನ ಕೆಳಗೆಲ್ಲ ಪಾಚಿ. ಪುಷ್ಪಾವತಿ ಎಲೆ ಹಾಸಿ ಬಡಿಸಿದಳು. ನಾನು ಸ್ಟೀಲ್ ಲೋಟಕ್ಕೆ ಧಾರಾಳವಾಗಿ ವಿಸ್ಕಿ ಬಗ್ಗಿಸಿ, ಉಳಿದದ್ದರಲ್ಲಿ ಸ್ವಲ್ಪ ಕಲ್ಲಿಗೂ ಪ್ರೋಕ್ಷಿಸಿದೆ.

"ಅಜ್ಜ, ತಪ್ಪಾಯ್ದ್ರೆ ಹೊಟ್ಟಿಗ್ ಹಾಯ್ಕಣಿ. ಮಕ್ಕಳ್ ಮದಿ ಸಸೂತ್ರ ಆಯ್ಕ್," ಎಂದು ಅವಳು ಕೈಮುಗಿದಳು. ಅಜ್ಜನಿಗೆ ಕುಂದಾಪುರದ ಭಾಷೆ ತಿಳಿಯದೆಂದು ನಾನು ಇಂಗ್ಲಿಷಿಗೆ ಅನುವಾದಿಸಿದೆ.

ಅಷ್ಟರಲ್ಲಿ ಹಿಂದಿನಿಂದ ಕೆಮ್ಮಿದ ಸದ್ದು. ನೀರಿನ ಕ್ಯಾನ್ ಹಿಡಿದ ವಯಸ್ಸಾದ ಮೇಡಂ, ಜೊತೆಗೆ ಕೊಬ್ಬಿದ ಲ್ಯಾಬ್ರಡಾರ್. ಚರ್ಚಿನ ಮೇಲ್ವಿಚಾರಣೆ ಅವರದಂತೆ.

"ನಿಮ್ಮ ಸಂಬಂಧಿಕರೇ?" ಎಂದು ಕೇಳಿದರು.

"ಇನ್ನು ಆಗುವವರು," ಎಂದೆ.

ಅವರು ಬಯ್ಯಲಿಲ್ಲ. ಪೆನ್‌ಫೋಲ್ಡನನ್ನು ಕೇಳಿಕೊಂಡು ಯಾರೂ ಬಂದದ್ದೇ ಇಲ್ಲ ಎಂದು ಕಣ್ಣರಳಿಸಿ, ಬಗ್ಗಿ, ಕೈಗವಸಿನಿಂದ ಪಾಚಿ ಉಜ್ಜಿ ತೆಗೆದರು. ಕೆಳಗಿನ ಸಾಲು ಮೂಡಿತು. ಎಬೆನೀಜರ್ ಈ ಊರಿನ ಪಾನನಿರೋಧ ಸಂಘದ ಸ್ಥಾಪಕ. ಹನಿ ಮದ್ಯವನ್ನೂ ತುಟಿಗೆ ಸೋಕಿಸದ ಮಹಾನುಭಾವ. ಮೂವರೂ ಲೋಟವನ್ನೇ ನೋಡಿದೆವು. ನಾವು ಲೋಟ ನೋಡುತ್ತಿದ್ದಾಗ ಲ್ಯಾಬ್ರಡಾರ್ ಎಲೆಯನ್ನು ನೋಡಿಕೊಂಡಿತು. ಮೇಡಂ ಕಿರುಚುವಷ್ಟರಲ್ಲಿ ಎಡೆ ಪೂರ್ತಿ ಮುಗಿದು, ನಾಯಿ ಬಾಳೆಲೆ ನೆಕ್ಕುತ್ತಿತ್ತು.

ವಾಪಸು ರೈಲಿನಲ್ಲಿ ಪುಷ್ಪಾವತಿ ಮುಖ ಊದಿಸಿಕೊಂಡು ಜೋಯಿಸರಿಗೆ ಫೋನ್ ಹಚ್ಚಿದಳು. ನಾಯಿಯ ವಿಷಯ ಕೇಳಿ ಅವರು, "ಆ ದೇಶದಲ್ಲಿ ನಾಯಿಯೂ ಮನೆಯವರ ಲೆಕ್ಕವೇ ಅಲ್ದಾ? ತೊಂದರೆ ಇಲ್ಲ" ಎಂದರು. ನಾನು ಉಸಿರು ಬಿಟ್ಟೆ.

"ಅಂದ ಹಾಗೆ ದೇವದಾಸರೇ," ಎಂದು ಅವರು ಸ್ಪೀಕರಿನಿಂದ ನನ್ನನ್ನೇ ಕರೆದರು, "ಇದು ಹುಡುಗಿಯ ತಾಯಿ ಕಡೆಯಾ?"

"ಅಲ್ಲ ಜೋಯಿಸ್ರೇ, ಅಪ್ಪನ ಕಡೆ."

ಆ ಕಡೆ ಸದ್ದಿಲ್ಲ. ಸುರಂಗ ಬಂತೇನೋ ಎಂದು ಕಿಟಕಿಯಾಚೆ ನೋಡಿದೆ. ಕುರಿಗಳೇ ಇದ್ದವು.

"ನಮ್ಮವರಲ್ಲಾದ್ರೆ ಅಪ್ಪನ ಕಡೆ ಸರಿ," ಎಂದರು ಜೋಯಿಸರು ಮೆಲ್ಲಗೆ. "ನಿಮ್ಮಲ್ಲಿ ಬಳಿ ಬಪ್ಪುದ್ ಯಾವ ಕಡೆಯಿಂದ?"

ನಮ್ಮ ಜನರಲ್ಲಿ ಬಳಿ, ಎಂದರೆ ಕುಲದ ಹೆಸರು, ಬರುವುದು ತಾಯಿಯಿಂದ. ಅಪ್ಪ ಮಹಾರಾಜನೇ ಆಗಿದ್ದರೂ ಮಕ್ಕಳು ಅಮ್ಮನ ಮನೆಯವರು. ಹಾಲು ಕುಡಿಯುವಾಗಲೇ ಕಲಿತ ಈ ಪಾಠವನ್ನು ಆ ದರಿದ್ರ ವೆಬ್‌ಸೈಟು ನನ್ನ ತಲೆಯಿಂದ ಅಳಿಸಿಹಾಕಿತ್ತು! "ಇಂಗ್ಲಿಷರಲ್ಲಿ ಅಪ್ಪನ ಕಡೆಯೇ ಅಲ್ಲವೇ…" ಎಂದು ಶುರುಮಾಡಿದೆ.

"ಹೆಣ್ ಬಪ್ಪುದ್ ಯಾರ್ ಮನಿಗೆ? ಕಟ್ಲೆ ಯಾರದ್ದ್?" ಪುಷ್ಪಾವತಿಯ ದನಿಗೆ ಇಡೀ ಬೋಗಿ ತಿರುಗಿತು. "ಸಂಬಂಧ ಇಲ್ದಿದ್ ಅಜ್ಜಂಗೆ ಕೋಳಿ ಹಾಕ್ ಬಂದದ್ದ್! ಅದೂ ಕುಡೀದೇ ಇದ್ದವ್ನಿಗ್ ಕುಡ್ಸಿ! ಇನ್ ಬಾಯ್ ಮುಚ್ಕಂಡ್ ಕೂಕಣಿ."

ಕೂತೆ. ಅವಳೇ ರೊವೀನಾಳಿಗೆ ಫೋನ್ ಮಾಡಿ ತಾಯಿಯ ಕಡೆಯ ಮೂಲ ಎಲ್ಲಿ ಎಂದು ಕೇಳಿದಳು. ಹುಡುಗಿ, ತನ್ನ ಅಮ್ಮನ ಅಮ್ಮ, ನ್ಯಾನ್, ಬದುಕಿದ್ದಾಳೆ, ಆಡಿಸ್ಕೋಂಬಿನಲ್ಲಿದ್ದಾಳೆ ಎಂದಳು. ನಮ್ಮ ಮನೆಯಿಂದ ಟ್ರಾಮಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರ! ನ್ಯಾನಿಗೂ ಡ್ಯಾಡಿಗೂ ಹಳೇ ಜಗಳ, ಹಾಗಾಗಿ ನಿಶ್ಚಿತಾರ್ಥದ ಸುದ್ದಿಯನ್ನೇ ಅವಳಿಗೆ ಹೇಳಿಲ್ಲ ಎಂದು ಅಳುವ ದನಿಯಲ್ಲಿ ಸೇರಿಸಿದಳು.

ಡಬ್ಬಿಯಲ್ಲಿ ಇನ್ನೂ ಸಾರು ಇತ್ತು. ಮನೆಗೆ ಹೋಗದೆ ನೇರ ಟ್ರಾಮ್ ಹತ್ತಿದೆವು. ಮಕ್ಕಳಿಬ್ಬರೂ ಅಲ್ಲಿಗೇ ಬಂದರು. ಬಾಗಿಲು ತೆಗೆದ ಅಜ್ಜಿಯ ಹೆಸರು ಮೌರೀನ್. ವಯಸ್ಸು ಎಂಬತ್ತರ ಮೇಲೆ, ಕೈಯಲ್ಲಿ ಕೋಲು, ನಾಲಗೆ ಅದಕ್ಕಿಂತ ಗಟ್ಟಿ.

"ನನ್ನ ಮೊಮ್ಮಗಳ ನಿಶ್ಚಿತಾರ್ಥದ ಸುದ್ದಿ ನಾನು ಹೇರ್‌ಡ್ರೆಸ್ಸರ್ ಬಾಯಿಂದ ಕೇಳಬೇಕೇ?" ಎಂದಳು. "ಈ ವರ್ಷ ಪೂರ್ತಿ ಯಾರ ಜೊತೆಗೂ ಮಾತಾಡಬಾರದು ಅಂತಿದ್ದೆ!"

ಪುಷ್ಪಾವತಿ ನನ್ನ ಪಕ್ಕೆಗೆ ತಿವಿದಳು. "ಕೇಂಡ್ರಿಯಾ? ಅಸಮಾಧಾನ! ಕವಡೆ ಸುಳ್ ಹೇಳೂದಿಲ್ಲ."

ರೊವೀನಾ ಓಡಿಹೋಗಿ ಅಜ್ಜಿಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ಪುಷ್ಪಾವತಿ ಉಳಿದ ಬಾಳೆಲೆ ಹಾಸಿ ಬಡಿಸಿದಳು. ಮೌರೀನಜ್ಜಿ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಎರಡು ಸಲ ಹಾಕಿಸಿಕೊಂಡು, ವಿಸ್ಕಿಯ ಉಳಿಕೆಯನ್ನೂ ಗೌರವದಿಂದ ಸ್ವೀಕರಿಸಿ, ಮದುವೆಗೆ ಒಪ್ಪಿಗೆ ಕೊಟ್ಟಳು. ಮೊದಲ ಸಾಲಿನಲ್ಲಿ ಕುರ್ಚಿ ಬೇಕು ಎಂಬುದೊಂದೇ ಅವಳ ಷರತ್ತು. ಜೋಯಿಸರು ಫೋನಿನಲ್ಲೇ ದಿನ ಹೇಳಿದರು.

ಆಗ ನಾನು, ಸಮಯ ಸಾಧಿಸಿ, ಜೇಬಿನಿಂದ ನಾನು ಬರೆದಿಟ್ಟ ಪೆನ್‌ಫೋಲ್ಡರ ವಂಶವೃಕ್ಷ ತೆಗೆದು ಮೇಜಿನ ಮೇಲೆ ಹರಡಿದೆ. ಮೈಕಿನ ಮುಂದೆ ಓದಬೇಕಾದ್ದಲ್ಲವೇ! ಅಜ್ಜಿ ಕನ್ನಡಕ ಏರಿಸಿ ನೋಡಿ, ಎಲ್ಲ ಗಂಡಸರೇ ಇದ್ದಾರಲ್ಲ ಎಂದಳು. ಪುಷ್ಪಾವತಿ ತನ್ನ ಇಂಗ್ಲಿಷಿನಲ್ಲಿ ನಮ್ಮ ಕಟ್ಟಲೆ ವಿವರಿಸಿದಳು. ಅಜ್ಜಿಗೆ ಅದು ವಿಪರೀತ ಹಿಡಿಸಿತು. ಕಾಗದ ಮಗುಚಿ, ಪೆನ್ನು ತೆಗೆದು, ಇಬ್ಬರೂ ಹೊಸ ಮರ ಬರೆದರು. ಒಂದು ಕಡೆ ಮೌರೀನ್, ಅವಳ ಮಗಳು, ರೊವೀನಾ. ಇನ್ನೊಂದು ಕಡೆ ನನ್ನ ಅತ್ತೆ, ಪುಷ್ಪಾವತಿ, ರೋಷನ್.

"ಇವರನ್ನು ಎಲ್ಲಿ ಹಾಕಲಿ?" ಎಂದು ಅಜ್ಜಿ ಪೆನ್ನಿನಿಂದ ನನ್ನನ್ನು ತೋರಿಸಿದಳು.

"ಹೀ ಈಸ್ ಇನ್ ಹಿಸ್ ಸಿಸ್ಟರ್ಸ್ ಟ್ರೀ," ಎಂದಳು ಪುಷ್ಪಾವತಿ. "ಇನ್ ಕುಂದಾಪುರ."

"ಮತ್ತೆ ಮದುವೆಯಲ್ಲಿ ಭಾಷಣ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಸೋದರಮಾವ ಇಪ್ಪ ಹೊತ್ತಿಗೆ ನೀವ್ ಎಂತ ಮಾತಾಡೂದ್? ನಮ್ಮಣ್ಣ ಕುವೈತಿಂದ ಬತ್ತ. ಅವ್ನೇ ಮಾತಾಡ್ತ. ಈ ಕಡೆಯಿಂದ ಅಜ್ಜಿ."

ಅಜ್ಜಿ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ರೋಷನ್ ನನ್ನ ಬೆನ್ನು ತಟ್ಟಿ "ಸಾರಿ ಡ್ಯಾಡ್" ಎಂದ.

ಟ್ರಾಮಿನಲ್ಲಿ ಮನೆಗೆ ಬರುವಾಗ ನನಗೆ ಎಬೆನೀಜರನ ನೆನಪಾಯಿತು. ಪಾಪ, ಅವನೂ ಅಪ್ಪನ ಕಡೆಯವನು. ಈ ಮದುವೆಗೆ ಬೇಡವಾದ ಇಬ್ಬರು ಗಂಡಸರಲ್ಲಿ ಒಬ್ಬ ಕೆಂಟಿನಲ್ಲಿ ಮಲಗಿದ್ದಾನೆ, ಒಬ್ಬ ಖಾಲಿ ಡಬ್ಬಿ ಹೊತ್ತು ಟ್ರಾಮಿನಲ್ಲಿ ನೇತಾಡುತ್ತಿದ್ದಾನೆ. ಅವನ ಮೇಲೆ ವಿಸ್ಕಿ ಚೆಲ್ಲಿದ್ದಕ್ಕೆ ಬೇಜಾರಾಯಿತು.

"ಒಂದು ದಿನ ನಾನೊಬ್ಬನೇ ಹೋಗಿ ಅವನಿಗೆ ನಿಂಬೆ ಶರಬತ್ತು ಇಟ್ಟು, ತಪ್ಪಾಯಿತು ಅಂತ ಹೇಳಿ ಬರ್ತೇನೆ," ಎಂದೆ.

ಪುಷ್ಪಾವತಿಗೆ ಅಂದು ಮೊದಲ ಸಲ ನನ್ನ ಮೇಲೆ ಪ್ರೀತಿ ಉಕ್ಕಿತು. ನನ್ನ ತೋಳು ಹಿಡಿದು, "ಹೋಯ್ ಬನ್ನಿ, ಒಳ್ಳೇದೇ," ಎಂದಳು. "ಮದಿ ದಿನವೇ ಹೋಯ್ ಬನ್ನಿ. ಆವತ್ತ್ ನಿಮ್ಗ್ ಹ್ಯಾಂಗೂ ಬೇರೆ ಕೆಲ್ಸ ಇಲ್ಲ."