ಸದ್ದು ಮಾಡದ ಲ್ಯಾಪ್‌ಟಾಪು

ನನ್ನ ಕಾಲುಗುಣವೋ ಏನೋ, ನಾನು ಯಾವ ಸಾಮಾನು ತರಲು ಹೊರಟರೂ ಅದರ ಜೊತೆ ಒಂದು ಫಜೀತಿ ಫ್ರೀ ಬರುತ್ತದೆ. ಹೊಸ ಫ್ರಿಜ್ಜು ತಂದಾಗ ಅದು ಬಾಗಿಲಲ್ಲಿ ಹಿಡಿಸದೆ ಎರಡು ದಿನ ಮೆಟ್ಟಿಲ ಹತ್ತಿರವೇ ನಿಂತು, ಹೋಗಿ ಬರುವವರಿಗೆಲ್ಲ ತಣ್ಣೀರು ಕೊಟ್ಟಿತ್ತು. ಹಾಗಿರುವಾಗ ಲ್ಯಾಪ್‌ಟಾಪು ಸುಮ್ಮನೆ ಬಂದೀತೇ?

ನಾನಿರುವುದು ಡೊಂಬಿವಲಿಯಲ್ಲಿ. ಠಾಣೆಯ ಹಲ್ಲಿನ ಡಾಕ್ಟರರೊಬ್ಬರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವುದು ನನ್ನ ಕೆಲಸ. ಶನಿವಾರ ಸಂಜೆ ನಮ್ಮ ಬಿಲ್ಡಿಂಗಿನ ಕನ್ನಡದ ಹೆಂಗಸರು ಹನ್ನೊಂದು ಜನ ಸೇರಿ ಭಜನೆ ಮಾಡುತ್ತೇವೆ. ಕಲಿಸಿದವರು ತಳಮಾಳಿಗೆಯ ದೊಡ್ಡಮ್ಮ. ಉಡುಪಿ ಕಡೆಯವರು, ಎಪ್ಪತ್ತು ದಾಟಿದೆ, ಹಾರ್ಮೋನಿಯಂ ಮುಂದೆ ಕುಳಿತರೆ ಮಾತ್ರ ಮೂವತ್ತು. ನಾವು ಹಾಡುವ ಅಷ್ಟೂ ಹಾಡಿಗೆ ರಾಗ ಕಟ್ಟಿದ್ದು ಅವರೇ. ಒಂದೂ ಎಲ್ಲಿಯೂ ಬರೆದಿಟ್ಟಿಲ್ಲ, ಎಲ್ಲ ಅವರ ಗಂಟಲಲ್ಲೇ ಉಂಟು.

ಈಗ ಆ ಗಂಟಲಿಗೇ ಆಪರೇಷನ್ ಎಂದರು. ಥೈರಾಯ್ಡಿನ ಗಡ್ಡೆ. ಗಡ್ಡೆ ಅಪಾಯದ್ದಲ್ಲ, ಆದರೆ ಸ್ವರ ಮೊದಲಿನ ಹಾಗೇ ಬರುತ್ತದೆಂದು ಹೇಳಲಾಗುವುದಿಲ್ಲ ಎಂದರಂತೆ ಡಾಕ್ಟರು. ನಮ್ಮ ಕೈಯಲ್ಲಿ ಇದ್ದದ್ದು ಒಂದು ತಿಂಗಳು. ಅಷ್ಟರಲ್ಲಿ ದೊಡ್ಡಮ್ಮನ ಹಾಡೆಲ್ಲ ರೆಕಾರ್ಡ್ ಆಗಬೇಕು, ಅದಕ್ಕೊಂದು ಲ್ಯಾಪ್‌ಟಾಪ್ ಬೇಕು. ಎಲ್ಲರೂ ಕೈಲಾದಷ್ಟು ಹಾಕಿದರು. ಆರಿಸಿ ತರುವ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದರು. ಯಾಕೆಂದರೆ ಕ್ಲಿನಿಕ್ಕಿನಲ್ಲಿ ನನ್ನ ಮೇಜಿನ ಮೇಲೆ ಒಂದು ಕಂಪ್ಯೂಟರ್ ಉಂಟು. ಅದನ್ನು ಆನ್ ಮಾಡುವುದು ಕಂಪೌಂಡರ್ ಎಂದು ನಾನು ಯಾರಿಗೂ ಹೇಳಿರಲಿಲ್ಲ.

೧. ಸದ್ದಿಲ್ಲದ್ದು ಕೊಡಿ

ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಯಾವುದು ತರಲಿ ಎಂದು ಕೇಳಿದ್ದಕ್ಕೆ ಏನೇನೋ ಲೆಕ್ಕ ಹೇಳಿದಳು. ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, ಕೊನೆಗೆ ಒಂದೇ ಮಾತಿಗೆ ಇಳಿಸಿದಳು. "ಮಮ್ಮಿ, ಬಸ್ ಫ್ಯಾನ್ ಕಾ ಆವಾಜ್ ನಹೀ ಹೋನಾ." ಒಳಗಿನ ಫ್ಯಾನು ಗುಂಯ್ ಎಂದರೆ ಅದೂ ಹಾಡಿನೊಳಗೆ ಸೇರುತ್ತದಂತೆ. ಇಷ್ಟು ನನಗೂ ತಿಳಿಯಿತು.

ಡ್ಯೂಟಿ ಬಿಟ್ಟ ಮೇಲೆ ಠಾಣೆ ಸ್ಟೇಷನ್ ಹತ್ತಿರದ ಅಂಗಡಿಗೆ ಹೋದೆ. ಸಂಗೀತಕ್ಕೆ ಲ್ಯಾಪ್‌ಟಾಪ್ ಬೇಕೆಂದೆ. ಅಂಗಡಿಯವನು ಖುಷಿಯಾಗಿ ಒಂದನ್ನು ತೆಗೆದು, ಇದರ ಆವಾಜ್ ರಸ್ತೆಯ ತನಕ ಕೇಳುತ್ತದೆಂದು ಧಡ್ ಧಡ್ ಎಂದು ಹಾಡು ಹಾಕಿದ. ನಾನು ಬೇಡ, ಸದ್ದು ಮಾಡದ್ದು ಬೇಕು ಎಂದೆ. ಅವನು ದನಿ ಸ್ವಲ್ಪ ತಗ್ಗಿಸಿದ. ಇನ್ನೂ ಕಡಿಮೆ ಎಂದೆ. ಪೂರ್ತಿ ನಿಲ್ಲಿಸಿದ. ಆಗ ನಾನು ಬಗ್ಗಿ ಲ್ಯಾಪ್‌ಟಾಪಿನ ಬೆನ್ನಿಗೆ ಕಿವಿ ಇಟ್ಟೆ. ತೆಂಗಿನಕಾಯಿ ಆರಿಸುವವರು ಕಿವಿಯ ಹತ್ತಿರ ಅಲುಗಾಡಿಸಿ ನೋಡುವುದಿಲ್ಲವೇ, ಹಾಗೆ.

ಒಂದು ಗುಂಯ್ ಎಂದಿತು. ಇನ್ನೊಂದು ಸುಯ್ ಎಂದಿತು. ಇಪ್ಪತ್ತು ವರ್ಷ ಹಲ್ಲು ಕೊರೆಯುವ ಮಿಷನ್ನಿನ ಪಕ್ಕ ಕುಳಿತ ಕಿವಿ ಮಾರಾಯ್ರೆ, ಅದಕ್ಕೆ ಮೋಸ ಮಾಡಲಾಗುವುದಿಲ್ಲ. ಎಂಟನೆಯದಕ್ಕೆ ಕಿವಿ ಇಡುವಾಗ ಅಂಗಡಿಯವನು ನನಗೊಂದು ಸ್ಟೂಲ್ ಹಾಕಿಸಿ, ಒಂದು ಗ್ಲಾಸ್ ನೀರು ತರಿಸಿ, ಬಹಳ ಮರ್ಯಾದೆಯಿಂದ ಕೇಳಿದ: "ಆಂಟೀ, ಮನೆಯಲ್ಲಿ ಯಾರಾದರೂ ಡಾಕ್ಟರ್ ಇದ್ದಾರಾ?"

ಹಲ್ಲಿನ ಡಾಕ್ಟರ್ ಇದ್ದಾರೆ, ನಾನು ಅವರ ಹತ್ತಿರವೇ ಇರುವುದು ಎಂದೆ. ಅವನು ಎಂಟನೆಯದನ್ನೂ ಮುಚ್ಚಿ ಒಳಗಿಟ್ಟ.

೨. ಕೈ ಇಳಿಯಬೇಕು

ನಮ್ಮವರು ಹೋಟೆಲಿನಲ್ಲಿ ಮ್ಯಾನೇಜರು. ಇಡ್ಲಿಯ ಗ್ರೈಂಡರಿನಿಂದ ಹಿಡಿದು ಅಳಿಯನ ತನಕ ಯಾವುದನ್ನಾದರೂ ಆರಿಸಬಲ್ಲೆ ಎಂಬ ಭ್ರಮೆ ಉಂಟು. ಭಾನುವಾರ ಕಲ್ಯಾಣಿನ ಅಂಗಡಿಗೆ ತಾವೂ ಬಂದರು. ಅಲ್ಲಿ ಸಾಲಾಗಿ ಇಟ್ಟಿದ್ದ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ಎತ್ತಿ ಇಳಿಸಿದರು. ವಸ್ತು ಎಂದರೆ ಎತ್ತಿದಾಗ ಕೈ ಇಳಿಯಬೇಕು, ಹಗುರದ್ದು ಬಾಳುವುದಿಲ್ಲ ಎಂದು ಅವರ ಸಿದ್ಧಾಂತ.

ನಾನು ಕಿವಿ ಇಟ್ಟು ಒಪ್ಪಿದ್ದು ಒಂದೇ ಒಂದು. ಅದರೊಳಗೆ ಫ್ಯಾನೇ ಇಲ್ಲವಂತೆ. ತೆಳ್ಳಗೆ, ಹಗುರ, ನೀರ್‌ದೋಸೆಯ ಹಾಗೆ. ಇವರು ಅದನ್ನು ಎರಡು ಬೆರಳಲ್ಲಿ ಎತ್ತಿ, ಒಳಗೆ ಏನೂ ಹಾಕಿಲ್ಲ, ಡಬ್ಬಿ ಮಾತ್ರ ಕೊಡುತ್ತಿದ್ದಾರೆ ಎಂದರು. ಇವರು ಆರಿಸಿದ್ದು ನಮ್ಮ ಹಳೇ ಟೀವಿಯಷ್ಟು ಭಾರ. ಅದರ ಫ್ಯಾನು ತಿರುಗಿದರೆ ಬಟ್ಟೆ ಒಣಗಬಹುದಿತ್ತು.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನು ಒಂದೇ ಮಾತು ಹೇಳಿದೆ. ಭಾರದ್ದೇ ಒಳ್ಳೆಯದಾದರೆ ಇಪ್ಪತ್ತಾರು ವರ್ಷದ ಹಿಂದೆ ಐವತ್ತು ಕೇಜಿಯ ನನ್ನನ್ನು ಯಾಕೆ ಒಪ್ಪಿದಿರಿ ಎಂದು. ಇವರು ತೆಳ್ಳಗಿನದನ್ನು ಕೌಂಟರಿನ ಮೇಲಿಟ್ಟರು.

"ಆಗ ನೀನೂ ಸದ್ದು ಮಾಡುತ್ತಿರಲಿಲ್ಲ," ಎಂದು ಅದನ್ನೇ ಬಿಲ್ ಮಾಡಿಸಿದರು.

ಬೈದುಕೊಳ್ಳುತ್ತಲೇ ಮನೆಗೆ ಬಂದೆ ಅನ್ನಿ. ಆದರೆ ಕಲ್ಯಾಣಿನ ಆ ರಶ್ಶಿನಲ್ಲಿ ಲೋಕಲ್ ರೈಲು ಹತ್ತಿ, ಡೊಂಬಿವಲಿಯ ತನಕ ಅದನ್ನು ಎದೆಗೆ ಅವಚಿಕೊಂಡು ನಿಂತವರು ಅವರೇ. ನಮ್ಮ ಮಗಳು ಹುಟ್ಟಿದಾಗಲೂ ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

೩. ಸೀಟಿಯ ಟೈಮ್‌ಟೇಬಲ್

ಲ್ಯಾಪ್‌ಟಾಪ್ ಸದ್ದು ಮಾಡಲಿಲ್ಲ. ಅದೇ ಕಷ್ಟವಾಯಿತು. ಅದು ಸುಮ್ಮನಿದ್ದಾಗಲೇ ನಮ್ಮ ಬಿಲ್ಡಿಂಗ್ ಎಷ್ಟು ಸದ್ದು ಮಾಡುತ್ತದೆಂದು ಗೊತ್ತಾದದ್ದು. ಮೊದಲ ದಿನ ದೊಡ್ಡಮ್ಮ ತಮ್ಮ ಮನೆಯಲ್ಲಿ ಕುಳಿತು ಹಾಡಿದ್ದನ್ನು ಮಗಳು ಹಾಕಿ ಕೇಳಿಸಿದಳು. ಅದರಲ್ಲಿ ಎರಡು ಲೋಕಲ್, ಒಂದು ಫಾಸ್ಟ್, ಕಿಟಕಿಯ ಪಾರಿವಾಳ, ಗುಜರಿ ಕೊಳ್ಳುವ ಭಂಗಾರ್‌ವಾಲಾ ಮತ್ತು ಹದಿನೇಳು ಕುಕ್ಕರ್ ಸೀಟಿ ಇದ್ದವು. ದೊಡ್ಡಮ್ಮ ನಡುನಡುವೆ ಇದ್ದರು.

ರೈಲಿಗೆ ನಾವೇನೂ ಮಾಡುವಂತಿಲ್ಲ. ಕುಕ್ಕರಿಗೆ ಮಾಡಬಹುದಲ್ಲ ಎಂದು ಎದ್ದವಳು ಮೂರನೇ ಮಾಳಿಗೆಯ ಕಲಬುರಗಿಯಾಕೆ. ಗಂಡ ಸೆಂಟ್ರಿಂಗ್ ಕಂತ್ರಾಟು ಮಾಡುತ್ತಾನೆ. ಆಕೆಯ ದನಿಗೆ ಮೈಕು ಬೇಡ, ನಮ್ಮ ಮೇಳದಲ್ಲಿ ತಾಳ ಹಿಡಿಯುವವಳೂ ಆಕೆಯೇ. ಒಂದೊಂದು ಬಾಗಿಲಿಗೂ ಹೋಗಿ ಬಂದಳು. ಕನ್ನಡದವರಿಗೆ ಕನ್ನಡ, ಮರಾಠಿಯವರಿಗೆ ಮರಾಠಿ, ಯಾವುದೂ ಬಾರದ ಗುಜರಾತಿ ಅಜ್ಜಿಗೆ ಕೈಸನ್ನೆ. ದಿನಾ ಹನ್ನೊಂದರಿಂದ ಹನ್ನೆರಡು ಯಾರೂ ಕುಕ್ಕರ್ ಇಡಬಾರದೆಂದು ಠರಾವಾಯಿತು.

ನಂಬುತ್ತೀರೋ ಇಲ್ಲವೋ, ಹತ್ತು ದಿನ ಒಂದೂ ಸೀಟಿ ಕೇಳಲಿಲ್ಲ. ಇಪ್ಪತ್ತನಾಲ್ಕು ಮನೆಯವರು ಊಟದ ಹೊತ್ತು ಬದಲಿಸಿಕೊಂಡರು. ಪಾರ್ಕಿಂಗಿಗೆ ವರ್ಷವಿಡೀ ಜಗಳವಾಡುವ ಜನ ಇವರೇನಾ ಎಂದು ನನಗೆ ಕಣ್ಣು ತುಂಬಿ ಬಂತು. ನಾನೂ ಅರ್ಧ ದಿನದ ರಜೆ ಕೇಳಿ ಕೇಳಿ ತೆಗೆದುಕೊಂಡೆ. ನಮ್ಮ ಡಾಕ್ಟರರು ಒಮ್ಮೆಯೂ ಇಲ್ಲ ಎನ್ನಲಿಲ್ಲ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಹನ್ನೊಂದನೇ ದಿನ, ಕೊನೆಯ ಹಾಡಿನ ಕೊನೆಯ ಚರಣದಲ್ಲಿ ಒಂದು ಸೀಟಿ ಹೊಡೆಯಿತು, ಅದೂ ಉದ್ದಕ್ಕೆ. ಎಲ್ಲರೂ ಹುಡುಕಿಕೊಂಡು ಹೋದೆವು. ದೊಡ್ಡಮ್ಮನದೇ ಅಡುಗೆಮನೆ. ಹಾಡಲು ಕೂರುವ ಗಡಿಬಿಡಿಯಲ್ಲಿ ಬೇಳೆ ಇಟ್ಟು ಮರೆತಿದ್ದರು.

೪. ಅಳಿಸು

ಆಪರೇಷನ್ ಮುಗಿಯಿತು. ಹದಿನೈದು ದಿನ ತುಟಿ ಪಿಟಕ್ಕೆನ್ನಬಾರದು, ಸ್ವರದ ವಿಷಯ ಆಮೇಲೆ ತಿಳಿಯುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ದೊಡ್ಡಮ್ಮನ ಕೈಗೆ ಸ್ಲೇಟು ಬಳಪ ಬಂತು. ಶನಿವಾರ ಎಲ್ಲರೂ ಅವರ ಮನೆಯಲ್ಲೇ ಸೇರಿ, ರೆಕಾರ್ಡ್ ಆದ ಹಾಡನ್ನೆಲ್ಲ ಕೇಳೋಣವೆಂದು ಕುಳಿತೆವು.

ಹಾಡು ಒಂದಾದ ಮೇಲೆ ಒಂದು ಬಂತು. ಕೊನೆಯದರ ಕೊನೆಯ ಚರಣವೂ ಬಂತು. ಸೀಟಿ ಹೊಡೆಯಿತು, ನಾವು ಎದ್ದು ಓಡಿದ್ದೂ, ಆಮೇಲೆ ಮನೆಗೆ ಹೊರಟದ್ದೂ ಕೇಳಿಸಿತು. ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಲ್ಯಾಪ್‌ಟಾಪಿನ ಒಳಗಿಂದ ದೊಡ್ಡಮ್ಮನ ಮಾತು ಶುರುವಾಯಿತು. ಅವತ್ತು ನಾವೆಲ್ಲ ಹೋದ ಮೇಲೆ ಅವರು ಊರಿನ ತಂಗಿಗೆ ಫೋನ್ ಮಾಡಿದ್ದರು. ಮಿಷನ್ ಆಫ್ ಆಗಿದೆ ಎಂದು ನಾನು ತಿಳಿದಿದ್ದೆ. ಪರದೆ ಕಪ್ಪಾಗಿತ್ತು, ಸದ್ದಂತೂ ಮೊದಲೇ ಇಲ್ಲ. ಅದು ಪಾಪ ತನ್ನಷ್ಟಕ್ಕೆ ಎಲ್ಲವನ್ನೂ ಬರೆದುಕೊಳ್ಳುತ್ತಾ ಕುಳಿತಿತ್ತು.

ಹನ್ನೊಂದು ಜನರಲ್ಲಿ ಒಬ್ಬಳನ್ನೂ ಬಿಟ್ಟಿರಲಿಲ್ಲ. ಎದುರು ಮನೆಯವಳು ಹಾಡಿಗಿಂತ ಸೀರೆ ಸರಿಮಾಡುವುದು ಜಾಸ್ತಿಯಂತೆ. ಎರಡನೇ ಮಾಳಿಗೆಯವಳು ಪ್ರಸಾದದ ಹೊತ್ತಿಗೆ ಸರಿಯಾಗಿ ಬರುತ್ತಾಳಂತೆ. ನನ್ನದು ಕಿವಿ ಅಷ್ಟು ಚುರುಕು, ಬಾಯಿ ಯಾಕೆ ಹಾಗೆ ಎಂದು ದೇವರೇ ಹೇಳಬೇಕಂತೆ. ಮೂರನೇ ಮಾಳಿಗೆಯವಳ ತಾಳಕ್ಕೆ ಕಲ್ಯಾಣ್ ಫಾಸ್ಟ್ ಕೂಡ ಹೆದರಿ ಮುಂದೆ ಓಡುತ್ತದಂತೆ.

ದೊಡ್ಡಮ್ಮ ಮುಖ ಕೆಂಪಗೆ ಮಾಡಿಕೊಂಡು, ಸ್ಲೇಟಿನ ತುಂಬ ದೊಡ್ಡದಾಗಿ "ಅಳಿಸು" ಎಂದು ಬರೆದು ನನ್ನ ಕಡೆ ಹಿಡಿದರು.

ಆಗ ಮೂರನೇ ಮಾಳಿಗೆಯಾಕೆ ನನ್ನ ಕೈ ಹಿಡಿದಳು. "ಅಕ್ಕಾರ, ಅಳಸಬ್ಯಾಡ್ರಿ. ನಾಳೆ ದೊಡ್ಡಮ್ಮಗ ದನಿ ಬರಲಿಲ್ಲಂದ್ರ ನಮಗ ಬೈಯಾಕ ಯಾರದಾರ?"

ಅಷ್ಟೇ ಸಾಕಾಯಿತು, ಒಬ್ಬೊಬ್ಬರಾಗಿ ಸೆರಗು ಕಣ್ಣಿಗೆ ಹೋಯಿತು. ನಾನು ಅಳಿಸಲಿಲ್ಲ. ಹದಿನೆಂಟು ವರ್ಷದಲ್ಲಿ ದೊಡ್ಡಮ್ಮನ ಮಾತು ಮೀರಿದ್ದು ಅದೊಂದೇ ಸಲ.

ಹದಿನಾರನೇ ದಿನ ಮತ್ತೆ ಭಜನೆಗೆ ಕುಳಿತೆವು. ಡಾಕ್ಟರು ಮಾತಾಡಬಹುದು ಎಂದಿದ್ದರೂ ದೊಡ್ಡಮ್ಮ ಬೆಳಗಿನಿಂದ ಬಾಯಿ ತೆರೆದಿರಲಿಲ್ಲ. ಹೆದರಿಕೆ, ಬೇರೇನಲ್ಲ. ಹಾಡು ಶುರುವಾಗಿ ಎರಡನೇ ಚರಣಕ್ಕೆ ಬಂದಿತ್ತು.

"ನಿಲ್ಲಿಸು," ಎಂದಿತು ಒಂದು ದನಿ. "ತಾಳ ಓಡುತ್ತಾ ಉಂಟು."

ಸ್ವಲ್ಪ ಒಡಕಿತ್ತು. ಆದರೆ ನಮ್ಮದೇ ದೊಡ್ಡಮ್ಮನದು, ಒಂದು ಕೂದಲೆಳೆಯಷ್ಟೂ ಶ್ರುತಿ ತಪ್ಪಿರಲಿಲ್ಲ. ಮೂರನೇ ಮಾಳಿಗೆಯಾಕೆ ತಾಳ ಕೆಳಗಿಟ್ಟು ಅವರ ಕಾಲು ಹಿಡಿದುಕೊಂಡು ಗೊಳೋ ಎಂದು ಅತ್ತಳು. ನಾವೂ ಅತ್ತೆವು. ದೊಡ್ಡಮ್ಮ ಆಕೆಯ ತಲೆ ಸವರುತ್ತಾ, ಹಾರ್ಮೋನಿಯಂನ ಒಂದು ಸ್ವರ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಆ ಅಳುವನ್ನೇ ಕಿವಿಗೊಟ್ಟು ಕೇಳಿದರು.

"ನೋಡು, ಅಳುವಾಗ ನಿನ್ನ ಶ್ರುತಿ ಸರಿ ಉಂಟು," ಎಂದರು. "ಶನಿವಾರ ಬರುವಾಗ ಅತ್ತುಕೊಂಡೇ ಬಾ."