ಸುಡಲಿಕ್ಕೊಂದು ಪ್ರತಿ

ನಡೆಯುವುದೆಲ್ಲ ಒಳ್ಳೆಯದಕ್ಕೇ ಎನ್ನುವ ಪಂಡಿತರನ್ನು ಗೇಲಿ ಮಾಡಿ ಯಾರೋ ಹೆಸರು ಹಾಕದೆ ಬರೆದಿದ್ದ ಪುಟ್ಟ ಪುಸ್ತಕವನ್ನು ಚೌಕದಲ್ಲಿ ಸುಡಬೇಕೆಂದು ಜಿನೀವಾದ ನ್ಯಾಯಾಧೀಶರು ತೀರ್ಪಿತ್ತರು. ಕಟ್ಟಿಗೆ ಬಂತು, ಕೊಳ್ಳಿ ಬಂತು, ಬೆಂಕಿ ಹಚ್ಚಲು ನೇಣುಗಾರನೂ ಬಂದ. ಪುಸ್ತಕವೇ ಇರಲಿಲ್ಲ.

"ಬೊರೆಲ್, ಎಲ್ಲಿಂದಾದ್ರೂ ಒಂದು ತಗೊಂಡ್ಬಾ. ಬರಿಗೈಲಿ ಬಂದ್ರೆ ನಾಳೆಯಿಂದ ಬರ್ಲೇಬೇಡ," ಎಂದರು ನ್ಯಾಯಾಧೀಶರು.

ಎಸಾಯಿ ಬೊರೆಲ್ ನ್ಯಾಯಾಲಯದ ಜವಾನ. ನಡೆಯುವುದೆಲ್ಲ ಒಳ್ಳೆಯದಕ್ಕೇ ಎಂದು ಅವನೂ ನಂಬಿದ್ದ. ಅವನ ಸಂಬಳಕ್ಕೆ ಬೇರೆ ನಂಬಿಕೆ ಎಟುಕುತ್ತಿರಲಿಲ್ಲ.

ರೊಟ್ಟಿ ಅಂಗಡಿಯ ಮದಾಮ್ ಪೆರ್ನೆತ್ ಎದೆ ಮುಟ್ಟಿಕೊಂಡಳು. "ಅಯ್ಯೋ, ಅಂಥಾ ಕೊಳಕು ಪುಸ್ತಕ ನಮ್ಮನೇಲಾ? ಆದ್ರೂ ಅದ್ರಲ್ಲಿ ಆ ಪಂಡಿತ ಬಾವಿಗೆ ಬಿದ್ದು, ಬಾಯಾರಿದೋನಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತಾನಲ್ಲ..." ಎಂದು ಹಿಟ್ಟಿನ ಮೂಟೆಯ ಮೇಲೆ ಬಿದ್ದು ನಕ್ಕಳು.

"ಹಾಗಾದ್ರೆ ಓದಿದೀರಾ?"

"ಯಾರೋ ಹೇಳಿದ್ರಪ್ಪ!"

ಪಾದ್ರಿಗಳು ಒಂದು ಪ್ರತಿ ಇದೆಯೆಂದು ಒಪ್ಪಿಕೊಂಡರು. "ಖಂಡಿಸೋಕೆ ಇಟ್ಕೊಂಡಿದೀನಿ. ಮೂರು ಸಲ ಖಂಡಿಸಿದ್ದಾಯ್ತು, ಇನ್ನೂ ತೃಪ್ತಿಯಾಗಿಲ್ಲ. ಕೊಡೋಕಾಗಲ್ಲ, ಹೋಗು."

ಕೊನೆಗೆ ವಿಗ್ ಮಾಡುವ ಗಾಸ್ಪಾರ್ ಕರುಣೆ ತೋರಿದ. ಒಂದು ದೊಡ್ಡ ವಿಗ್ಗಿನೊಳಗೆ ಕೈಹಾಕಿ ಪುಸ್ತಕ ಎಳೆದ. "ನನ್ನ ಹೆಸರು ಬಾಯಿಬಿಡಲ್ಲ ಅಂತ ಆಣೆ ಹಾಕು ಮೊದ್ಲು."

ಬೊರೆಲ್ ಆಣೆ ಹಾಕಿ ಓಡಿದ. ಚೌಕದ ಅಂಚಿನಲ್ಲಿ ಮಂಜುಗಡ್ಡೆಯ ಮೇಲೆ ಕಾಲು ಜಾರಿ, ಪುಸ್ತಕದ ಸಮೇತ ಕುದುರೆಗಳ ನೀರಿನ ತೊಟ್ಟಿಗೆ ಬಿದ್ದ. ನೇಣುಗಾರ ಊದಿದ್ದೇ ಊದಿದ್ದು. ಸಾರಿನಲ್ಲಿ ನೆನೆದ ರೊಟ್ಟಿಯಂತಿದ್ದ ಪುಸ್ತಕ ಬರೀ ಹೊಗೆಯಾಡಿತು. ಜನ ಕೆಮ್ಮುತ್ತ ನಕ್ಕರು. ಮುಖ ಉಳಿಸಿಕೊಳ್ಳಲು ನ್ಯಾಯಾಧೀಶರಿಗೊಬ್ಬ ಅಪರಾಧಿ ಬೇಕಾಯಿತು.

"ಯಾರದಯ್ಯಾ ಈ ಪ್ರತಿ?"

ಬೊರೆಲ್ ಗುಂಪಿನಲ್ಲಿ ನಿಂತಿದ್ದ ಗಾಸ್ಪಾರನನ್ನು ನೋಡಿದ. ಗಾಸ್ಪಾರ್ ಚರ್ಚಿನ ಗೋಪುರವನ್ನು ಹುಟ್ಟಿದಾರಭ್ಯ ಕಾಣದವನಂತೆ ನೋಡುತ್ತಿದ್ದ.

"ನಂದೇ ಅಂತ ಬರ್ಕೊಳಿ ಸ್ವಾಮಿ," ಎಂದ ಬೊರೆಲ್, ಹಲ್ಲು ಕಟಕಟಿಸುತ್ತ.

ನಿಷೇಧಿತ ಪುಸ್ತಕ ಇಟ್ಟುಕೊಂಡದ್ದಕ್ಕೆ ಒಂದು ವಾರ ಸೆರೆ. ಇಡೀ ಜಿನೀವಾದಲ್ಲಿ ಸಿಕ್ಕಿಬಿದ್ದವನು ಅವನೊಬ್ಬನೇ.

ಒದ್ದೆ ಬಟ್ಟೆಯಲ್ಲೇ ಒಣಹುಲ್ಲಿನ ಮೇಲೆ ಕೂತಿದ್ದಾಗ ಬಾಗಿಲು ತೆರೆಯಿತು. ಸ್ವತಃ ನ್ಯಾಯಾಧೀಶರು! ಬಿಡಿಸಲು ಬಂದರೆಂದು ಬೊರೆಲ್ ಎದ್ದು ನಿಂತ. ಅವರು ಕಾವಲುಗಾರನನ್ನು ಆಚೆ ಕಳಿಸಿ, ಪಕ್ಕದಲ್ಲಿ ಕುಕ್ಕರಿಸಿ ಪಿಸುಗುಟ್ಟಿದರು: "ನನ್ನ ಪ್ರತೀಲಿ ಕೊನೇ ನಾಲ್ಕು ಹಾಳೆ ಇಲ್ಲ ಕಣೋ. ಕೊನೇಲಿ ಏನಾಗತ್ತೆ?"

"ನಾನು ಓದೇ ಇಲ್ಲ ಸ್ವಾಮಿ."

"ಸಿಕ್ಕಿಬಿದ್ದ ಮೇಲೂ ಸುಳ್ಳಾ!" ನ್ಯಾಯಾಧೀಶರು ನಿಜಕ್ಕೂ ನೊಂದುಕೊಂಡರು, ಇನ್ನೊಂದು ವಾರ ಸೇರಿಸಿ ಹೊರಟುಹೋದರು.