ಕಾಕಾ ಓದಿದ ಕರಾಳ ಪ್ರೇಮ

ಹೋದ ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ, ಊಟವಾದ ಮೇಲೆ, ನಮ್ಮ ಕಾಕಾ ತಮ್ಮ ಜೀವನದ ಮೊದಲ ಕಾದಂಬರಿ ಓದಲು ಕುಳಿತರು. ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಇಂಥ ಸುದ್ದಿಯನ್ನು ಒಬ್ಬರ ಮಾತು ನಂಬಿ ಬರೆಯುವುದಿಲ್ಲ. ಚಿಕ್ಕಮ್ಮ, ಅಂದರೆ ನಮ್ಮ ಕಾಕು, ಫೋನಿನಲ್ಲಿ ಹೇಳಿದ ಮೇಲೆ ಕಲಬುರಗಿಯ ಬ್ರಹ್ಮಪುರದ ಅವರ ಮನೆಗೇ ಹೋಗಿ ಕಣ್ಣಾರೆ ನೋಡಿದೆ. ನಿಜ! ಕನ್ನಡಕ ಮೂಗಿನ ತುದಿಗೆ ಇಳಿದಿತ್ತು, ಕೈಯಲ್ಲಿ ಪುಸ್ತಕವಿತ್ತು. ಅದೂ ಎಂಥ ಪುಸ್ತಕ? ಕಪ್ಪು ರಕ್ಷಾಪುಟ, ಮೇಲೊಂದು ಕೆಂಪು ಗುಲಾಬಿ, ಗುಲಾಬಿಗೆ ಸುತ್ತಿದ ಸರಪಳಿ. ಡಾರ್ಕ್ ರೊಮ್ಯಾನ್ಸ್ ಎಂದು ಈಗ ಹುಡುಗಿಯರು ಮುಗಿಬಿದ್ದು ಓದುವ ಬಗೆಯದು, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು.

ಕಾಕಾ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರಿ. ಅವರ ಓದು ಪೇಪರಿನ ಧಾರಣೆಯ ಅಂಕಣಕ್ಕೆ ಮುಗಿಯುತ್ತದೆ. ಅಣ್ಣನ ಮಗನಾದ ನಾನು ಬರೆದ ಸುದ್ದಿಯನ್ನೂ ಅವರು ಇಂದಿನವರೆಗೆ ಓದಿಲ್ಲ. ಅಂಥವರು ಗುಲಾಬಿಗೆ ಏಕೆ ಕೈಹಾಕಿದರು?

ಕಾರಣ ಅವರ ಒಬ್ಬಳೇ ಮಗಳು. ಆಕೆಗೆ ಕಮಲಾಪುರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ರಾತ್ರಿ ಪಾಳಿಯೂ ಇರುವುದರಿಂದ ಅಲ್ಲೇ ಕೋಣೆ ಮಾಡಿಕೊಂಡು ಒಬ್ಬಳೇ ಇರಬೇಕು. ಕಾಕಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹಾಜರಾಗುವ ದಿನ ಹತ್ತಿರವಾಗುತ್ತಿತ್ತು. ಅಪ್ಪ ಮಗಳ ನಡುವೆ ಮಾತು ನಿಂತಿತ್ತು. ಅಷ್ಟರಲ್ಲಿ ಆಕೆಯ ತಲೆದಿಂಬಿನ ಕೆಳಗೆ ಈ ಪುಸ್ತಕ ಕಂಡಿತು. ಹುಡುಗಿಯ ತಲೆಯಲ್ಲಿ ಏನಿದೆ ಎಂಬುದು ತಲೆಯ ಕೆಳಗಿನ ಪುಸ್ತಕದಲ್ಲೇ ಇರಬೇಕು ಎಂದು ಕಾಕಾ ತೀರ್ಮಾನಿಸಿದರು!

ಗಂಜಿನಲ್ಲಿ ಕಾಳು ಕೊಳ್ಳುವಾಗ ಇಡೀ ಚೀಲ ಸುರಿದು ನೋಡುವುದಿಲ್ಲ. ಮೇಲೆ, ನಡುವೆ, ಕೆಳಗೆ ಕಬ್ಬಿಣದ ಕೊಳವೆ ಚುಚ್ಚಿ, ಹೊರಬಂದ ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಾರೆ. ಕಾಕಾ ಕಾದಂಬರಿಯನ್ನೂ ಹಾಗೆಯೇ ಪರೀಕ್ಷಿಸಿದರು. ಮೊದಲಿಗೊಂದು ಪುಟ, ನಡುವೆ ಒಂದು, ಕೊನೆಗೊಂದು. ಮೂರು ಕಡೆಯೂ ನಾಯಕ ನಾಯಕಿಯ ಮಣಿಕಟ್ಟು ಹಿಡಿದು, “ನೀನು ನನ್ನವಳು” ಎನ್ನುತ್ತಿದ್ದ.

“ಏ ತಮ್ಮಾ, ಮೂರೂ ಕಡೆ ಒಂದೇ ಮಾಲು ಅದಲ್ಲೋ!” ಎಂದರು ಕಾಕಾ.

ಗಂಜಿನಲ್ಲಿ ಇದು ಹೊಗಳಿಕೆ. ಸಾಹಿತ್ಯದಲ್ಲಿ? ನನಗೂ ಗೊಂದಲವಾಯಿತು.

ಕೊನೆಗೆ ಮೊದಲ ಪುಟದಿಂದ ಓದಲೇಬೇಕಾಯಿತು. ಜೇವರ್ಗಿ ಕಾಲೋನಿಯಲ್ಲಿರುವ ಮಗಳ ಗೆಳತಿಯರು ಈ ಪುಸ್ತಕ ಓದಿದರೆ ಎದೆ ನಡುಗುತ್ತದೆ, ನಿದ್ದೆ ಬರುವುದಿಲ್ಲ ಎಂದಿದ್ದರಂತೆ. ಕಾಕಾ ಮೂರನೆಯ ಅಧ್ಯಾಯದಲ್ಲಿ ಗೊರಕೆ ಹೊಡೆದರು. ಮರುದಿನ ನನ್ನನ್ನು ಅಂಗಡಿಗೆ ಕರೆಸಿ ವಿಚಾರಣೆ ಶುರುಮಾಡಿದರು.

“ಇವ ಹೀರೋನೋ, ವಿಲನ್ನೋ?”

“ಎರಡೂ ಅವನೇ ರೀ ಕಾಕಾ.”

“ಒಂದು ಮಾಲಿಗಿ ಒಂದು ಗ್ರೇಡ್ ಇರ್ಬೇಕಲ್ಲೋ! ಹೋಗ್ಲಿ, ಧಂಧಾ ಏನು ಇವಂದು?”

“ದೊಡ್ಡ ಶ್ರೀಮಂತ ಅಂತ ಬರ್ದಾರ.”

“ಅದ ಕೇಳ್ಲಾಕತ್ತೀನಿ. ಅಂಗಡಿ ಇಲ್ಲ, ಗೋದಾಮಿಲ್ಲ, ಮುಂಜಾನಿಂದ ಸಂಜಿತನ ಕರಿ ಕಾರ್ ತಗೊಂಡು ಆ ಪೋರಿ ಹಿಂದ ತಿರಗ್ತಾನ. ಎಲ್ಲಿಂದ ಬಂತು ರೊಕ್ಕ? ನಾ ಭಾಳ ಡೇಂಜರ್ ಮನಷ್ಯಾ ಅಂತ ತಾನ ಹೇಳ್ಕೋತಾನ. ಮಾಡಿದ್ದೇನು? ಅಕಿಗಿ ಸೀರಿ ತಂದ!”

“ಸೀರಿ ಅಲ್ರೀ, ಗೌನು.”

“ಏನರೆ ಇರ್ಲಿ. ಅಂಜಿಕಿ ಎಲ್ಲದ ಇದ್ರಾಗ?”

ಆದರೂ ಅವರು ಓದುವುದನ್ನು ಬಿಡಲಿಲ್ಲ. ರುಚಿಯಿಲ್ಲ ಎಂದು ಬೈಯುತ್ತಲೇ ಪುಟ ತಿರುವುತ್ತಿದ್ದರು. ಇಷ್ಟವಾಗದ ಪುಸ್ತಕವನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ಓದುತ್ತಾರೆಯೆ?

ಮುಂದಿನ ವಾರ ಅವರೇ, “ನಡೀರಿ, ಕೋಣಿ ನೋಡ್ಕೊಂಡ್ ಬರೋಣು” ಎಂದು ಮಗಳನ್ನೂ ನನ್ನನ್ನೂ ಕಮಲಾಪುರಕ್ಕೆ ಹೊರಡಿಸಿದರು. ಒಪ್ಪಿದರೋ, ತಪ್ಪು ಹುಡುಕಲು ಹೊರಟರೋ ತಿಳಿಯಲಿಲ್ಲ. ಕೋಣೆ ಚಿಕ್ಕದು, ಗಾಳಿ ಬೆಳಕು ಚೆನ್ನಾಗಿತ್ತು. ಕಾಕಾ ಬಾಗಿಲ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು, ಮನೆಯೊಡತಿಯನ್ನು ಕೇಳಿದರು:

“ಈ ಓಣ್ಯಾಗ ಕರಿ ಕಾರ್ ತಗೊಂಡು ಯಾರರೆ ಬರ್ತಾರೇನ್ರಿ ಅಕ್ಕಾರ?”

“ಕಾರ್ ಎಲ್ಲೀದ್ರಿ ಅಣ್ಣಾರ! ಬಾಳಿಗೊನಿ ಹೇರೋ ಟೆಂಪೋ ಬರ್ತದ. ಅದೂ ಕೆಟ್ಟು ನಿಂತದ.”

ಮಗಳು ತಟ್ಟನೆ ಅಪ್ಪನತ್ತ ತಿರುಗಿದಳು. “ಅಪ್ಪಾ, ನೀ ಆ ಪುಸ್ತಕ ಓದ್ದೇನು?”

“ಓದ್ದೆ. ಪೂರಾ ಓದ್ದೆ.”

“ಅಯ್ಯ! ನಾನ ಅರ್ಧಕ್ಕ ಬಿಟ್ಟೀನಿ. ಎಲ್ಲಾರೂ ಹೊಗಳ್ತಾರಂತ ತಂದಿದ್ದೆ. ಏನೂ ಇಲ್ಲ ಅದ್ರಾಗ.”

ಕಾಕಾ ಬಾಯಿ ತೆರೆದು ನಿಂತರು. “ಮತ್ತ ದಿಂಬಿನ ಬುಡಕ ಯಾಕ ಇಟ್ಕೊಂಡಿದ್ದಿ ಬೇ?”

“ದಿಂಬು ತಗ್ಗಾಗಿತ್ತು. ಎತ್ತರ ಮಾಡ್ಕೊಂಡಿದ್ದೆ.”

ನಾನು ನಕ್ಕೆ. ಮನೆಯೊಡತಿ, ಏನೆಂದು ತಿಳಿಯದಿದ್ದರೂ, ನಕ್ಕರು. ಮಗಳೂ ನಗುತ್ತ ಕೇಳಿದಳು, “ಅಂಥಾ ಪುಸ್ತಕ ನೀ ಯಾಕ ಪೂರಾ ಓದ್ದಿ?”

ಕಾಕಾ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.

“ನಾಕನೇ ಪಾಠದಾಗ ಅಕಿನ್ನ ಎತ್ಕೊಂಡ್ ಹೋಗ್ಯಾನ. ಅಕಿ ಅಪ್ಪ ಹುಡುಕ್ಕೋತ ಬರ್ತಾನ, ಈಗ ಬರ್ತಾನ, ಇನ್ನೇನು ಬಂದ ಅಂತ ನೋಡಿದೆ. ಪುಸ್ತಕ ತೀರಿತು. ಬರ್ಲೇ ಇಲ್ಲ ಬೇ ಅವ.”

ಮಗಳು ಮೂಲೆಯ ನಲ್ಲಿ ತಿರುಗಿಸಿ, ನೀರು ಬರುತ್ತಿದೆಯೋ ಇಲ್ಲವೋ ಎಂದು ಬಹಳ ಹೊತ್ತು ನೋಡುತ್ತ ನಿಂತಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದ ಮನೆಯೊಡತಿಗೆ ಕಾಕಾ ಹೇಳಿದರು, “ಮಂಚ ನಾವ ತರ್ತೀವ್ರಿ ಅಕ್ಕಾರ.”

ಮಗಳು ಆಸ್ಪತ್ರೆಯವರು ಹೇಳಿದ ದಿನವೇ ಕೆಲಸಕ್ಕೆ ಹಾಜರಾದಳು. ಮೊನ್ನೆ ಭಾನುವಾರ ಆಕೆಗೆ ಹಗಲು ಪಾಳಿ ಇತ್ತು. ಕಾಕಾ ಬೆಳಗಿನ ಬಸ್ಸಿಗೆ ಕಮಲಾಪುರ ತಲುಪಿ, ಆಸ್ಪತ್ರೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದರು. ಸಂಜೆ ಆಕೆ ಹೊರಗೆ ಬಂದಳು. ಇಬ್ಬರೂ ಚಹಾ ಕುಡಿದರು. ಕಾಕಾ ಮುಂದಿನ ಬಸ್ಸು ಹಿಡಿದು ಕಲಬುರಗಿಗೆ ಮರಳಿದರು.